ಹಾಜರಿ ಪುಸ್ತಕದ ಕೊನೆಯ ಹೆಸರು

ಹುಡುಗ ಒಂಬತ್ತನೇ ಕ್ಲಾಸು. ಬೆಂಗಳೂರಿನ ಅಂಚಿನ ಒಂದು ಸರ್ಕಾರಿ ಪ್ರೌಢಶಾಲೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅಪ್ಪ ಅಮ್ಮ ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಆಗಸ್ಟ್‌ನಲ್ಲಿ ಸೇರಿದ್ದರಿಂದ ಹಾಜರಿ ಪುಸ್ತಕದಲ್ಲಿ ಇವನ ಹೆಸರು ಕಟ್ಟಕಡೆಗೆ. ಟೀಚರ್ ಉಳಿದವರನ್ನೆಲ್ಲ ಹೆಸರು ಹಿಡಿದು ಕರೆದು, ಇವನ ಸರದಿ ಬಂದಾಗ "ನಲವತ್ತಾರು" ಅನ್ನುತ್ತಿದ್ದರಂತೆ. ವಾರಕ್ಕೆರಡು ದಿನ ಹೊಟ್ಟೆನೋವು, ಡಾಕ್ಟರ್ ನೋಡಿದರೆ ಏನೂ ಇಲ್ಲ. "ಮಂಕು ಹುಡುಗ, ಬಾಯೇ ಬಿಡಲ್ಲ" ಅಂತ ಆಪ್ತಸಲಹೆಗೆ ನನ್ನ ಹತ್ತಿರ ಕಳಿಸಿದರು.

ಎರಡು ಸಲ ನನ್ನ ಹತ್ತಿರವೂ ಬಾಯಿ ಬಿಡಲಿಲ್ಲ. ಮೂರನೇ ಸಲ ಸಲಹೆ ಗಿಲಹೆ ಎಲ್ಲ ಬಿಟ್ಟು, ಊರಲ್ಲಿ ಹೊಲದಲ್ಲಿ ಏನು ಹಾಕ್ತೀರಪ್ಪ ಅಂತ ಸುಮ್ನೆ ಕೇಳಿದೆ. ತೊಗರಿ, ಹತ್ತಿ, ಅಜ್ಜನ ಎತ್ತು, ಬೇಸಿಗೆಯ ಬಿಸಿಲು ಅಂತ ಇಪ್ಪತ್ತು ನಿಮಿಷ ನಿಲ್ಲಿಸಲೇ ಇಲ್ಲ! ಆಮೇಲೆ ತಲೆ ತಗ್ಗಿಸಿ, "ಇಲ್ಲಿ ನಾ ಮಾತಾಡಿದ್ರ ನಗ್ತಾರ್ರೀ ಮೇಡಂ" ಅಂದ. ಮೊದಲ ದಿನ "ಗೊತ್ತಿಲ್ರೀ ಸರ್" ಅಂದಿದ್ದನಂತೆ. ಅವತ್ತಿಂದ ಕ್ಲಾಸಲ್ಲಿ ಅವನ ಹೆಸರು "ರೀ". ಕನ್ನಡ ಶಾಲೆಯಲ್ಲಿ ಕನ್ನಡ ಆಡಿದ್ದಕ್ಕೆ, ನೋಡಿ.

ಮಕ್ಕಳಿಗೆ ಶಾಲೆ ತಮ್ಮದು ಅನ್ನಿಸುತ್ತದಾ ಅಂತ ತಿಳಿಯೋಕೆ ಅಮೆರಿಕದ ಸಂಶೋಧಕಿ ಕ್ಯಾರಲ್ ಗುಡಿನೋ 1993ರಲ್ಲಿ 18 ಹೇಳಿಕೆಗಳ ಒಂದು ಪಟ್ಟಿ ಮಾಡಿದ್ದರು. ಅದು ಗೆಳೆಯರ ಬಗ್ಗೆ ಮಾತ್ರ ಅಲ್ಲ. ಕಷ್ಟ ಹೇಳಿಕೊಳ್ಳೋಕೆ ಶಾಲೆಯಲ್ಲಿ ದೊಡ್ಡವರು ಒಬ್ಬರಾದರೂ ಇದ್ದಾರಾ ಅನ್ನೋದೂ ಅದರಲ್ಲಿದೆ. ಅದನ್ನೇ ಬಾಯಿಮಾತಲ್ಲಿ ಕೇಳಿದೆ. ತುಂಬಾ ಹೊತ್ತು ಯೋಚಿಸಿ, ಬಿಸಿಯೂಟದ ಅಡುಗೆ ಅಕ್ಕ ಅಂದ. "ಇನ್ನೊಂದು ಸ್ವಲ್ಪ ಹಾಕ್ಲಾ ಮಗಾ" ಅಂತ ಕೇಳ್ತಾರಂತೆ, ಅಷ್ಟೇ.

ಇಷ್ಟರಲ್ಲಿ ಒಂದು ಎಡವಟ್ಟು. ಕ್ಲಾಸ್ ಟೀಚರ್ ಒಳ್ಳೆಯವರು, ನಾನು ವಿಷಯ ಹೇಳಿದ ಮರುದಿನವೇ ಇವನನ್ನು ಎದ್ದು ನಿಲ್ಲಿಸಿ "ಎಲ್ಲರೂ ಇವನ ಜೊತೆ ಫ್ರೆಂಡ್ಸ್ ಆಗಬೇಕು" ಅಂದುಬಿಟ್ಟರು. ಎರಡು ದಿನ ಹುಡುಗ ಶಾಲೆಗೇ ಬರಲಿಲ್ಲ. ಹಾಗೆ ಮಾಡಬೇಡಿ ಅಂತ ನಾನೇ ಮೊದಲು ಹೇಳಬೇಕಿತ್ತು, ತಪ್ಪು ನನ್ನದೂ ಹೌದು.

ಆಮೇಲೆ ಟೀಚರ್‌ಗೆ ಹೇಳಿದ್ದು: ನಂಬರ್ ಬೇಡ, ಹೆಸರು ಹಿಡಿದು ಕರೀರಿ. "ರೀ" ಅಂತ ಆಡಿಕೊಳ್ಳೋರನ್ನ ಒಬ್ಬೊಬ್ಬರನ್ನೇ ಕರೆದು ಮಾತಾಡಿ, ಇವನ ಎದುರಿಗೆ ಬೇಡ. ಮೊಟ್ಟೆ ಯಾರಿಗೆ, ಬಾಳೆಹಣ್ಣು ಯಾರಿಗೆ ಅಂತ ಕ್ಲಾಸ್ ಕ್ಲಾಸಿಗೆ ಹೋಗಿ ಲೆಕ್ಕ ಬರೆದು ಅಡುಗೆ ಅಕ್ಕನಿಗೆ ಕೊಡುವ ಕೆಲಸ ಇವನಿಗೆ ಕೊಡಿ, ಜೊತೆಗೆ ಇನ್ನೊಬ್ಬ ಹುಡುಗ ಇರಲಿ. ಅಮ್ಮನಿಗೆ ಹೇಳಿದ್ದು ಬೇರೆ. "ಇಲ್ಲಿಯವರಂಗ ಮಾತಾಡೋ" ಅಂತ ಅವರೂ ಮನೆಯಲ್ಲಿ ಬೈಯುತ್ತಿದ್ದರು. ಅದನ್ನು ನಿಲ್ಲಿಸಿ ಅಕ್ಕಾ, ಹೊಟ್ಟೆನೋವು ಅಂದರೆ ನಾಟಕ ಅನ್ನಬೇಡಿ, ಅರ್ಧ ದಿನವಾದರೂ ಕಳಿಸಿ ಅಂದೆ.

ಮೊದಮೊದಲು ಜೊತೆಗಾರ ಕೇಳೋದು, ಇವನು ಬರೆಯೋದು. ಒಂದು ದಿನ ಜೊತೆಗಾರ ಬಂದಿರಲಿಲ್ಲ. ಎಂಟನೇ ಕ್ಲಾಸಿನ ಬಾಗಿಲಲ್ಲಿ ನಿಂತು ಇವನೇ ಕೇಳಿದನಂತೆ, "ತತ್ತಿ ಯಾರಿಗೆ ಬೇಕ್ರೀ?" ಎಲ್ಲರೂ ನಕ್ಕರಂತೆ. ಇವನೂ ನಕ್ಕ, ಲೆಕ್ಕ ಬರೆದುಕೊಂಡು ಮುಂದಿನ ಕ್ಲಾಸಿಗೆ ಹೋದ.