ಅಪ್ಪನ ವಿಮೆಗೆ ಸೂಪರ್ ಟಾಪ್-ಅಪ್ ಬೇಕೆ?

ಪ್ರಶ್ನೆ: ಅಪ್ಪನಿಗೆ 67. ಸ್ವಂತದ 5 ಲಕ್ಷದ ಆರೋಗ್ಯ ವಿಮೆ ಇದೆ. ಅದನ್ನು 15 ಲಕ್ಷಕ್ಕೆ ಏರಿಸಿ ಎನ್ನುತ್ತಾರೆ ಏಜೆಂಟರು. ಪ್ರೀಮಿಯಂ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಬೇರೆ ದಾರಿ ಇದೆಯೇ? (ಶಿರಸಿಯ ಓದುಗರು)

ಉತ್ತರ: ಇದೆ. ಹಳೆಯ ಪಾಲಿಸಿ ಹಾಗೇ ಇರಲಿ, ಅದರ ಮೇಲೆ 5 ಲಕ್ಷ ಡಿಡಕ್ಟಿಬಲ್‌ನ (ಅಷ್ಟು ಖರ್ಚು ದಾಟಿದ ಮೇಲೆ ಮಾತ್ರ ಹಣ ಕೊಡುವ) ಸೂಪರ್ ಟಾಪ್-ಅಪ್ ಎಂಬ ಹೆಚ್ಚುವರಿ ಪಾಲಿಸಿ ಮಾಡಿಸಿ. ವರ್ಷದ ಮೊದಲ 5 ಲಕ್ಷ ಸೂಪರ್ ಟಾಪ್-ಅಪ್ ಕೊಟ್ಟ ಕಂಪನಿಯ ತಲೆಗೆ ಬರುವುದಿಲ್ಲ, ಅದಕ್ಕೇ ಅಗ್ಗ. ಬರೀ 'ಟಾಪ್-ಅಪ್' ಎಂದಿದ್ದರೆ ಬೇಡ. ಮೇ ತಿಂಗಳಲ್ಲಿ ಹೃದಯಕ್ಕೆಂದು ಮಣಿಪಾಲದಲ್ಲಿ 4 ಲಕ್ಷ, ಅದೇ ಪಾಲಿಸಿ ವರ್ಷದ ನವೆಂಬರಿನಲ್ಲಿ ಸೊಂಟದ ಮೂಳೆ ಮುರಿದು ಹುಬ್ಬಳ್ಳಿಯಲ್ಲಿ 4 ಲಕ್ಷ ಆಯಿತೆನ್ನಿ. ಮೂಲ ಪಾಲಿಸಿ 5 ಲಕ್ಷ ಕೊಟ್ಟು ಬರಿದಾಗುತ್ತದೆ. ಸೂಪರ್ ಟಾಪ್-ಅಪ್ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸಿ ನೋಡುವುದರಿಂದ ಉಳಿದ 3 ಲಕ್ಷ ಅಲ್ಲಿಂದ ಬರುತ್ತದೆ. ಟಾಪ್-ಅಪ್ ನೋಡುವುದು ಒಂದೊಂದೇ ಬಿಲ್. ಯಾವುದೂ 5 ಲಕ್ಷ ದಾಟದಿದ್ದರೆ ಚಿಕ್ಕಾಸೂ ಇಲ್ಲ. ಎರಡೂ ಪಾಲಿಸಿಗಳ ನವೀಕರಣದ ದಿನಾಂಕ ಒಂದೇ ಇರಲಿ, ಇಲ್ಲವಾದರೆ ಈ ಲೆಕ್ಕ ಕೂಡುವುದಿಲ್ಲ.

ಜನ ಎಡವುವುದು ಕೋಣೆ ಬಾಡಿಗೆಯಲ್ಲಿ. ಮಿತಿ ವಿಮಾ ಮೊತ್ತದ ಶೇ. 1 ಎಂದಿದ್ದರೆ ನಿಮಗೆ ದಿನಕ್ಕೆ 5,000. 10,000ದ ಕೋಣೆ ಹಿಡಿದರೆ ಬಾಡಿಗೆಯಷ್ಟೇ ಅಲ್ಲ, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕಕ್ಕೂ ವಿಮೆ ಕೊಡುವುದು ಅರ್ಧಕ್ಕೆ ಇಳಿಯಬಹುದು. ಔಷಧಿಗೆ, ಇಂಪ್ಲಾಂಟ್‌ಗೆ (ದೇಹದೊಳಗೆ ಕೂರಿಸುವ ಸಾಧನ) ಈ ಕತ್ತರಿ ಇಲ್ಲ. ಆಂಬುಲೆನ್ಸ್ ಮಿತಿಯನ್ನೂ ನೋಡಿ. ಘಟ್ಟ ಇಳಿದು ಮಣಿಪಾಲಕ್ಕೆ ಹೋಗುವವರಿಗೆ ಅದು ಸಣ್ಣ ಮಾತಲ್ಲ.

ವೈಯಕ್ತಿಕ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಏಜೆಂಟರ ಚೀಟಿಯಲ್ಲಿ ಶೇ. 18 ಸೇರಿದ್ದರೆ ಹೊಸ ಲೆಕ್ಕ ಕೇಳಿ. ಸಹಕಾರ ಸಂಘದ ಸದಸ್ಯತ್ವವಿದ್ದರೆ ರಾಜ್ಯ ಸರ್ಕಾರದ ಆರೋಗ್ಯ ಯೋಜನೆ ಯಶಸ್ವಿನಿಯನ್ನೂ ಬಿಡಬೇಡಿ. ಆದರೆ ಅದು ಪಟ್ಟಿಯಲ್ಲಿರುವ ಆಸ್ಪತ್ರೆ, ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ.

ಪ್ರಶ್ನೆ: ಅಮ್ಮನಿಗೆ ಶುಗರ್ ಇದೆ. ಅರ್ಜಿಯಲ್ಲಿ ಬರೆಯಬೇಡಿ ಎಂದು ಏಜೆಂಟರ ಸಲಹೆ. (ಕಾರವಾರದ ಓದುಗರು)

ಉತ್ತರ: ಬರೆಯಲೇಬೇಕು. ತುರ್ತು ವಿಭಾಗದ ವೈದ್ಯರು "ಶುಗರ್ ಎಷ್ಟು ವರ್ಷದಿಂದ?" ಎಂದು ಕೇಳುತ್ತಾರೆ, ಗಾಬರಿಯಲ್ಲಿ ನೀವು "ಹತ್ತು" ಎನ್ನುತ್ತೀರಿ, ಅದು ಕೇಸ್ ಶೀಟಿಗೆ ಇಳಿಯುತ್ತದೆ. ಕ್ಲೇಮ್ ತಿರಸ್ಕಾರಕ್ಕೆ ಆ ಒಂದು ಸಾಲು ಸಾಕು. ಬರೆದುಕೊಟ್ಟರೆ ಹೊಸ ಪಾಲಿಸಿಯಲ್ಲಿ ಹಳೆಯ ಕಾಯಿಲೆಯ ಖರ್ಚು ಸಿಗಲು ಹೆಚ್ಚೆಂದರೆ 3 ವರ್ಷ ಕಾಯಬೇಕು. ಅರ್ಜಿಯನ್ನು ಏಜೆಂಟರೇ ತುಂಬಿದರೂ ಸಹಿ ನಿಮ್ಮದು. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಓದಿ, ಬಿಟ್ಟುಹೋಗಿದ್ದರೆ ಲಿಖಿತವಾಗಿ ತಿದ್ದಿಸಿ.