ರೆಕಾರ್ಡ್ ಬೇಗ ಮುಗಿಸೋಕೆ ಹೋಗಬೇಡಿ

ಬಿಎ ಸೈಕಾಲಜಿಯಲ್ಲಿ ಪ್ರಾಕ್ಟಿಕಲ್ ರೆಕಾರ್ಡ್ ಬರೆಯೋದರಲ್ಲೇ ಟೈಮ್ ಹೋಗುತ್ತದೆ, ಅದನ್ನು ಬೇಗ ಮುಗಿಸಿ ಥಿಯರಿ ಓದೋದು ಹೇಗೆ, ದಿನಕ್ಕೆ ಎಷ್ಟು ಗಂಟೆ ಕೂರಬೇಕು ಅಂತ ಕೇಳಿದ್ದೀರಿ. ಎರಡನೇ ಸೆಮಿಸ್ಟರ್‌ನಲ್ಲಿ ನನ್ನ ಪ್ರಶ್ನೆಯೂ ಇದೇ ಆಗಿತ್ತು. ಅದಕ್ಕೆ ನಾನು ಕಂಡುಕೊಂಡ ಉತ್ತರದಿಂದ ಒಂದು ವರ್ಷ ಕಳೆದುಕೊಂಡೆ.

ನಾನು ಓದಿದ್ದು ಮೈಸೂರಿನಲ್ಲಿ. ಬುಧವಾರ ಮಧ್ಯಾಹ್ನ ಲ್ಯಾಬ್. ಇಬ್ಬಿಬ್ಬರ ಜೋಡಿ. ಒಬ್ಬರು ಪ್ರಯೋಗ ಮಾಡಿಸೋದು, ಇನ್ನೊಬ್ಬರು ಸಬ್ಜೆಕ್ಟ್ ಆಗಿ ಕೂರೋದು. ಒಂದು ಪ್ರಯೋಗಕ್ಕೆ ಮುಕ್ಕಾಲು ಗಂಟೆ ಬೇಕು. ಸೀನಿಯರ್ ಒಬ್ಬರ ಹಳೇ ರೆಕಾರ್ಡ್ ಪಕ್ಕದಲ್ಲಿಟ್ಟುಕೊಂಡರೆ ಹತ್ತೇ ನಿಮಿಷ. ಅವರ 148 ಸೆಕೆಂಡ್ ನನ್ನ ಪುಸ್ತಕದಲ್ಲಿ 143 ಆಯಿತು. ಅವರ 9 ತಪ್ಪು ನನ್ನಲ್ಲಿ 8 ಆಯಿತು. ಆ ಸೆಮಿಸ್ಟರ್‌ನ ಎಲ್ಲ ಪ್ರಯೋಗಗಳನ್ನೂ ಹೀಗೇ ಮುಗಿಸಿದೆ. ಉಳಿದ ಸಮಯದಲ್ಲಿ ಲೈಬ್ರರಿಯಲ್ಲಿ ಕೂತು ನೋಟ್ಸ್ ಓದಿದೆ. ತುಂಬಾ ಕೆಲಸ ಮಾಡುತ್ತಿದ್ದೇನೆ ಅಂತ ನಿಜವಾಗಲೂ ನಂಬಿದ್ದೆ.

ವೈವಾ, ಅಂದರೆ ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಬೈಲ್ಯಾಟರಲ್ ಟ್ರಾನ್ಸ್‌ಫರ್ ಪ್ರಯೋಗದ ಪುಟ ತೆಗೆದರು. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸೋ ಪ್ರಯೋಗ ಅದು. ಮೊದಲು ಎಡಗೈಯಲ್ಲಿ ಒಂದು ಸಲ, ಆಮೇಲೆ ಬಲಗೈಯಲ್ಲಿ ಹತ್ತು ಸಲ, ಕೊನೆಗೆ ಮತ್ತೆ ಎಡಗೈಯಲ್ಲಿ. ಒಂದು ಕೈ ಕಲಿತದ್ದು ಇನ್ನೊಂದಕ್ಕೆ ಎಷ್ಟು ದಾಟಿತು ಅಂತ ನೋಡೋದು. ಅವರು ನನ್ನ ಗ್ರಾಫ್ ಮೇಲೆ ಬೆರಳಿಟ್ಟರು. ತಪ್ಪುಗಳು ಟ್ರಯಲ್‌ನಿಂದ ಟ್ರಯಲ್‌ಗೆ ಒಂದೇ ಸಮ ಇಳಿಯುತ್ತಿದ್ದವು. "ಮನುಷ್ಯರು ಹೀಗೆ ಕಲಿಯೋದಿಲ್ಲಮ್ಮ" ಅಂದರು. ಆಮೇಲೆ, "ನಿಮ್ಮ ಸಬ್ಜೆಕ್ಟ್ ಮೊದಲ ಸಲ ಯಾವ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡರು?"

ನನಗೆ ಗೊತ್ತಿರಲಿಲ್ಲ. ಸಬ್ಜೆಕ್ಟೇ ಇರಲಿಲ್ಲವಲ್ಲ.

ಪ್ರಾಕ್ಟಿಕಲ್‌ನಲ್ಲಿ ಪಾಸ್ ಅಂಕಕ್ಕಿಂತ ಎರಡೇ ಜಾಸ್ತಿ ಬಂತು. ಥಿಯರಿಯಲ್ಲೂ ಕಲಿಕೆಯ ಅಧ್ಯಾಯದಿಂದ ದೊಡ್ಡ ಪ್ರಶ್ನೆ ಬಂದಿತ್ತು. ವ್ಯಾಖ್ಯೆ ಬರೆದೆ, ಮುಂದೆ ಏನೂ ಹೊಳೆಯಲಿಲ್ಲ. ಆ ಅಧ್ಯಾಯವನ್ನು ಆರು ಸಲ ಓದಿದ್ದೆ. ಆ ಸೆಮಿಸ್ಟರ್‌ನ ಅಂಕ ಒಟ್ಟು ಶೇಕಡಾವನ್ನು ಎಳೆದು ಹಾಕಿತು. ಬಿಎ ಮುಗಿದ ವರ್ಷ ಎಂಎ ಸೀಟು ಸಿಗಲಿಲ್ಲ, ಮರುವರ್ಷದವರೆಗೆ ಕಾದೆ.

ಕಾಪಿ ಹೊಡೆದದ್ದು ತಪ್ಪು ಅನ್ನೋದು ಎಲ್ಲರಿಗೂ ಗೊತ್ತು. ಅದರಿಂದ ನಾನು ಕಳೆದುಕೊಂಡದ್ದು ಏನು ಅಂತ ಹೇಳುತ್ತೇನೆ. ಮೂರನೇ ಸೆಮಿಸ್ಟರ್‌ನ ದಸರಾ ರಜೆಯಲ್ಲಿ ಊರಿಗೆ ಹೋದಾಗ ಅದೇ ಪ್ರಯೋಗವನ್ನು ತಂಗಿಯ ಮೇಲೆ ಮಾಡಿದೆ. ಅಪ್ಪ ಶೇವಿಂಗ್ ಮಾಡಿಕೊಳ್ಳೋ ಕನ್ನಡಿಯನ್ನು ಪುಸ್ತಕಗಳಿಗೆ ಒರಗಿಸಿ ನಿಲ್ಲಿಸಿದೆ. ಕೈ ನೇರವಾಗಿ ಕಾಣದಿರಲಿ ಅಂತ ರಟ್ಟಿನ ಪೆಟ್ಟಿಗೆ ಕತ್ತರಿಸಿ ಅಡ್ಡ ಇಟ್ಟೆ. ಮೊದಲ ಸಲ ಅವಳು ಎರಡನೇ ಮೂಲೆಯಲ್ಲೇ ನಿಂತುಬಿಟ್ಟಳು. ಪೆನ್ಸಿಲ್ಲನ್ನು ಆಚೆ ದೂಡಬೇಕು, ಕೈ ಈಚೆಗೆ ಬರುತ್ತದೆ. ಕೆಳತುಟಿ ಕಚ್ಚಿಕೊಂಡು ಎಷ್ಟು ಒತ್ತಿದಳು ಅಂದರೆ ಸೀಸದ ಮೊನೆ ಮುರಿಯಿತು. ಬಲಗೈಯಲ್ಲಿ ಆರನೇ ಸಲ ಐದನೆಯದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು, ಯಾಕಂದರೆ ಅಡುಗೆಮನೆಯಿಂದ ಅಮ್ಮ ಕೂಗಿದರು. ಹತ್ತನೆಯದು 41 ಸೆಕೆಂಡ್. ಆಮೇಲೆ ಎಡಗೈ. ಶುರುವಿನಲ್ಲಿ ಎರಡು ನಿಮಿಷದ ಮೇಲೆ ತೆಗೆದುಕೊಂಡಿದ್ದ ಕೈ ಈಗ 58 ಸೆಕೆಂಡ್‌ಗೆ ಮುಗಿಸಿತು. ನಡುವೆ ಅದು ಪೆನ್ಸಿಲ್ ಮುಟ್ಟೇ ಇರಲಿಲ್ಲ!

ಹೇಗನ್ನಿಸಿತು ಅಂತ ಕೇಳಿದೆ. "ಅಕ್ಕಾ, ಕೈಗೆ ಜಾಸ್ತಿ ಹೇಳಬಾರದು, ಸುಮ್ನೆ ಬಿಟ್ಟರೆ ಅದೇ ದಾರಿ ಹುಡುಕಿಕೊಳ್ಳುತ್ತೆ" ಅಂದಳು. ಆ ಮಾತನ್ನು, ಸಬ್ಜೆಕ್ಟ್ ತನ್ನ ಅನುಭವ ಹೇಳೋ ಇಂಟ್ರೊಸ್ಪೆಕ್ಟಿವ್ ರಿಪೋರ್ಟ್‌ನಲ್ಲಿ ಹಾಗೇ ಬರೆದೆ. ಬರೀ ಸ್ನಾಯು ಕಲಿತಿದ್ದರೆ ಕಲಿಕೆ ಬಲಗೈಯಲ್ಲೇ ಉಳಿಯಬೇಕಿತ್ತು. ಕನ್ನಡಿಯಲ್ಲಿ ಆಚೆ ಈಚೆ ಅದಲುಬದಲು ಆಗುತ್ತದೆ ಅನ್ನೋದನ್ನು ಕಲಿತದ್ದು ಮಿದುಳು, ಅದಕ್ಕೇ ಎರಡು ಕೈಗೂ ಸಿಕ್ಕಿತು. ಆರು ಸಲ ಓದಿದರೂ ತಲೆಗೆ ಹೋಗದ್ದು ಆ ಮೇಜಿನ ಮೇಲೆ ಅರ್ಧ ಗಂಟೆಯಲ್ಲಿ ಹೋಯಿತು. ಇವತ್ತಿಗೂ ಟ್ರಾನ್ಸ್‌ಫರ್ ಅಂದರೆ ನನಗೆ ಆ ಮುರಿದ ಸೀಸ ಕಾಣುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪೋದಿಲ್ಲ. ಪ್ರಾಕ್ಟಿಕಲ್ ಬೇರೆ, ಓದು ಬೇರೆ ಅಂದುಕೊಂಡಿದ್ದೀರಿ. ಈ ವಿಷಯದಲ್ಲಿ ಪ್ರಾಕ್ಟಿಕಲ್ಲೇ ಓದು. ನೆನಪಿನ ಬಗ್ಗೆ 1885ರಲ್ಲಿ ಪುಸ್ತಕ ಬರೆದ ಜರ್ಮನ್ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಪ್ರಯೋಗ ಮಾಡಿದ್ದು ತನ್ನ ಮೇಲೇ. ಅರ್ಥವಿಲ್ಲದ ಅಕ್ಷರಗುಂಪುಗಳನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿ, ಎಷ್ಟು ಉಳಿಯಿತು ಅಂತ ಅಳೆದುಕೊಂಡರು. ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದವರು. ಲ್ಯಾಬ್‌ನಲ್ಲಿ ಉಪಕರಣ ಸಾಲದು ಅಂತ ನಾನು ದೂರುತ್ತಿದ್ದಾಗ ಲೆಕ್ಚರರ್ ಒಬ್ಬರು ಈ ರೇಡಿಯೊ ಕಥೆ ಹೇಳಿದ್ದರು. ಅಪ್ಪನ ಕನ್ನಡಿ ನೆನಪಾದದ್ದು ಅದಾದ ಮೇಲೆಯೇ.

ಗಂಟೆ ಲೆಕ್ಕ ಹಾಕಬೇಡಿ. ಟೈಮರ್ ಆ್ಯಪ್ ಇಷ್ಟವಿದ್ದರೆ ಇಟ್ಟುಕೊಳ್ಳಿ, ನನಗೆ ಅದರಿಂದ ಏನೂ ಆಗಲಿಲ್ಲ. ಲ್ಯಾಬ್ ಇದ್ದ ದಿನ ಸಂಜೆಯೇ ರೆಕಾರ್ಡ್ ಬರೆಯಿರಿ. ಎಬ್ಬಿಂಗ್‌ಹೌಸ್ ಲೆಕ್ಕದಲ್ಲಿ ಒಂದು ದಿನ ಕಳೆಯುವಷ್ಟರಲ್ಲಿ ಕಲಿತದ್ದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೋಗಿಬಿಡುತ್ತಿತ್ತು. ಡಿಸ್ಕಷನ್ ಭಾಗ, ಅಂದರೆ ಫಲಿತಾಂಶ ಯಾಕೆ ಹಾಗೆ ಬಂತು ಅನ್ನೋ ವಿವರಣೆ ಬರೆಯುವಾಗ ಮಾತ್ರ ಥಿಯರಿ ಪುಸ್ತಕ ತೆಗೆಯಿರಿ. ಆಗ ಓದಿದ್ದು ಅಂಟಿಕೊಳ್ಳುತ್ತದೆ, ಏನನ್ನು ಹುಡುಕುತ್ತಿದ್ದೀರಿ ಅಂತ ನಿಮಗೆ ಆಗಲೇ ಗೊತ್ತಿರುತ್ತದಲ್ವಾ. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ) ಎಲ್ಲವನ್ನೂ ನಿಮ್ಮದೇ ಅಂಕಿಗಳ ಮೇಲೆ ಕೈಯಲ್ಲಿ ಮಾಡಿ. ಗ್ರಾಫ್ ನಡುವೆ ಎಲ್ಲಾದರೂ ಮೇಲೆದ್ದರೆ ಅಳಿಸಬೇಡಿ, ಆ ಹೊತ್ತಿಗೆ ಏನಾಯಿತು ಅಂತ ಪಕ್ಕದಲ್ಲಿ ಬರೆಯಿರಿ.

ಜೊತೆಗಾರರು ಬರದಿದ್ದರೆ ಹಳೇ ರೆಕಾರ್ಡ್ ಮಾತ್ರ ಮುಟ್ಟಬೇಡಿ. ಹಾಸ್ಟೆಲ್‌ನಲ್ಲಿ ಪಕ್ಕದ ರೂಮಿನವರನ್ನು ಕರೆಯಿರಿ, ಮನೆಯಲ್ಲಿದ್ದರೆ ಅಜ್ಜಿಯನ್ನು ಕೂರಿಸಿ. ಮುಗಿದ ಮೇಲೆ ಹೇಗನ್ನಿಸಿತು ಅಂತ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.