ವಕೀಲರು ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡೋದು: ಸೆಕ್ಷನ್ ಬಿಟ್ಟು ಜಗಳದಿಂದ ಶುರು ಮಾಡಿ

ಮೇಡಂ, ಒಂಬತ್ತನೇ ಕ್ಲಾಸಿಗೆ ವಾರಕ್ಕೊಂದು ಪಿರಿಯಡ್ ಕಾನೂನು ಹೇಳ್ಕೊಡೋಕೆ ಒಪ್ಕೊಂಡಿದೀನಿ, ಹತ್ತೇ ನಿಮಿಷಕ್ಕೆ ಮಕ್ಕಳು ಆಕಳಿಸ್ತಾರೆ, ಏನ್ ಮಾಡ್ಲಿ ಅಂತ ಕೇಳಿದ್ರಲ್ಲ. ನಾನೂ ವಕೀಲನೇ, ಮೊದಲನೇ ದಿನ ಸೆಕ್ಷನ್ ಓದಿ ನಾನೇ ಆಕಳಿಸಿದ್ದೆ 😅

ಬೋರ್ಡ್ ಮೇಲೆ ಒಂದೇ ಸಾಲು ಬರೀರಿ: "ಪಾರ್ಕಿನೊಳಗೆ ವಾಹನ ತರುವಂತಿಲ್ಲ". ಆಮೇಲೆ ಕೇಳಿ, ಸೈಕಲ್? ಆಂಬ್ಯುಲೆನ್ಸ್? ಮಗು ಆಟದ ಕಾರು? ಇದು ಬ್ರಿಟಿಷ್ ಕಾನೂನು ತತ್ವಜ್ಞಾನಿ ಎಚ್.ಎಲ್.ಎ. ಹಾರ್ಟ್ 1958ರಲ್ಲಿ ಬರೆದ ಲೇಖನದಿಂದ ಬಂದ ಉದಾಹರಣೆ, ಆದ್ರೆ ಅವರ ಹೆಸರೇ ಎತ್ತಬೇಡಿ, ಮಕ್ಕಳು ಜಗಳಕ್ಕೆ ಬಿದ್ದು ಪದದ ಅರ್ಥ ಮುಖ್ಯನಾ ನಿಯಮದ ಉದ್ದೇಶ ಮುಖ್ಯನಾ ಅನ್ನೋದಕ್ಕೆ ತಾವಾಗೇ ಬರ್ತಾರೆ, ನೀವು ಬಾಯಿ ಮುಚ್ಕೊಂಡು ನಿಂತಿದ್ರೆ ಸಾಕು (ವಕೀಲರಿಗೆ ಅದೇ ಕಷ್ಟ). ಮುಂದಿನ ವಾರಗಳಲ್ಲಿ ಅಣಕು ನ್ಯಾಯಾಲಯ ಮಾಡಿಸಿ, ಮಾತಾಡದ ಮಕ್ಕಳಿಗೆ ಸಾಕ್ಷಿ ಪಾತ್ರ ಕೊಡಿ, ಪಾಟೀಸವಾಲು ಶುರುವಾದ್ರೆ ಅವರೇ ಮಿಂಚ್ತಾರೆ. ಇದೇನು ಹೊಸ ಪ್ರಯೋಗ ಅಲ್ಲ, 1972ರಲ್ಲೇ ವಾಷಿಂಗ್ಟನ್‌ನ ಜಾರ್ಜ್‌ಟೌನ್ ಯೂನಿವರ್ಸಿಟಿ ಕಾನೂನು ವಿದ್ಯಾರ್ಥಿಗಳು ಹೈಸ್ಕೂಲಿಗೆ ಹೋಗಿ ಪಾಠ ಮಾಡೋಕೆ ಶುರು ಮಾಡಿದ್ರು, ಅದಕ್ಕೆ ಸ್ಟ್ರೀಟ್ ಲಾ ಅಂತ ಹೆಸರು.

ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಕ್ಲಾಸ್ ಮುಗಿದ ಮೇಲೆ ಒಬ್ಬ ಹುಡುಗ ಬಂದು "ನಮ್ಮಪ್ಪನ ಮೇಲೆ ಕೇಸ್ ಇದೆ ಮೇಡಂ" ಅಂತಾನೆ, ಖಂಡಿತ ಅಂತಾನೆ. ಅಲ್ಲಿ ಸಲಹೆ ಕೊಡೋಕೆ ಹೋಗ್ಬೇಡಿ, ನೀವು ಅವರ ವಕೀಲರಲ್ಲ, ಕಡತನೂ ನೋಡಿಲ್ಲ, ಉಚಿತ ಕಾನೂನು ನೆರವು ಎಲ್ಲಿ ಸಿಗುತ್ತೆ ಅಂತ ಹೇಳಿ ಸಾಕು. ಮನೇಲಿ ಹೊಡೀತಾರೆ ಅನ್ನೋ ಥರ ಏನಾದ್ರೂ ಹೇಳಿದ್ರೆ "ಗುಟ್ಟಾಗಿಡ್ತೀನಿ" ಅಂತ ಮಾತ್ರ ಮಾತು ಕೊಡ್ಬೇಡಿ, ಅಂಥದ್ದು ಬಂದ್ರೆ ಶಾಲೇಲಿ ಯಾರಿಗೆ ಹೇಳ್ಬೇಕು ಅಂತ ಮೊದಲನೇ ದಿನವೇ ಹೆಡ್ ಹತ್ರ ಕೇಳಿಟ್ಕೊಳ್ಳಿ.